ಮೊದಲ ಸಲ ರೇಸಿಗೆ ಹೋಗುವವರ ಬಸ್ಸು

ಕಳೆದ ತಿಂಗಳು ರಾಕ್‌ವಿಲ್‌ನಲ್ಲಿ ಒಂದು ಸಂಗೀತ ಕಚೇರಿಗೆ ಹೋಗಿದ್ದೆ. ಶಾಲೆಯೊಂದರ ಸಭಾಂಗಣ, ಜರಿ ಸೀರೆಗಳು, ಬಾಗಿಲ ಬಳಿ ದೊಡ್ಡ ಫ್ಲಾಸ್ಕಿನಲ್ಲಿ ಕಾಫಿ. ಗಾಯಕರು ಆಲಾಪನೆಯನ್ನು ನಿಧಾನವಾಗಿ ಬಿಡಿಸುತ್ತಿದ್ದಾಗ ನನಗೆ ಸೀನು ಬರುವಂತಾಗಿ, ಪರ್ಸಿಗೆ ಕೈಹಾಕಿ ಕರ್ಚೀಫು ಎಳೆದೆ. ಅದರ ಜೊತೆ ಕಿತ್ತಳೆ ಬಣ್ಣದ ಎರಡು ಇಯರ್‌ಪ್ಲಗ್ಗುಗಳೂ ಹೊರಬಿದ್ದು, ಉರುಳಿಕೊಂಡು ಹೋಗಿ, ಪಕ್ಕದಲ್ಲಿ ಕುಳಿತಿದ್ದ ಹಿರಿಯ ಹೆಂಗಸಿನ ಪಾದದ ಬಳಿ ನಿಂತವು. ಆಕೆ ಬಗ್ಗಿ ಎತ್ತಿಕೊಂಡರು. ಅವುಗಳನ್ನು ನೋಡಿದರು, ವೇದಿಕೆಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಆಕೆ ಗಾಯಕರ ತಾಯಿ ಎಂದು ನನಗೆ ತಿಳಿದದ್ದು ಮಧ್ಯಂತರದಲ್ಲಿ.

“ಇದು ಇಲ್ಲಿಗೆ ಅಂತ ತಂದಿದ್ದಲ್ಲ ಆಂಟಿ, ರೇಸಿಗೆ,” ಎಂದೆ.

“ಕುದುರೆ ರೇಸಿಗೆ ಹೋಗ್ತೀರಾ?” ಆಕೆಯ ದನಿ ತಗ್ಗಿತು.

“ಇಲ್ಲ, ಕಾರ್ ರೇಸ್.”

“ನೀವು ಓಡಿಸ್ತೀರಾ?”

“ಜನರನ್ನ ಕರ್ಕೊಂಡು ಹೋಗ್ತೀನಿ. ಅದೇ ನನ್ನ ಬಿಸಿನೆಸ್.”

ಆಕೆ ಇಯರ್‌ಪ್ಲಗ್ಗುಗಳನ್ನು ನನ್ನ ಅಂಗೈಯಲ್ಲಿಟ್ಟು, ಕಾಫಿ ಕುಡಿದು ಬಂದ ಮೇಲೆ ಎರಡು ಸಾಲು ಮುಂದೆ ಹೋಗಿ ಕುಳಿತರು. ಅವತ್ತು ಆಕೆಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ. ನೀವು ಎದ್ದು ಮುಂದಿನ ಸಾಲಿಗೆ ಹೋಗಲಾರಿರಿ ಎಂಬ ಧೈರ್ಯವಿದೆ.

ಫೇರ್‌ಫ್ಯಾಕ್ಸ್‌ನ ನಮ್ಮ ಟೌನ್‌ಹೌಸಿನ ಬೇಸ್‌ಮೆಂಟಿನಲ್ಲಿ ನನ್ನ ಟ್ರಾವೆಲ್ ಏಜೆನ್ಸಿ ಇದೆ. ಒಂದು ಮೇಜು, ಎರಡು ಫೋನು, ಒಂದು ನಕ್ಷೆ, ಪಕ್ಕದಲ್ಲೇ ಬಟ್ಟೆ ಒಗೆಯುವ ಮೆಷಿನ್ನು. ಗಿರಾಕಿಗಳ ಜೊತೆ ಮಾತಾಡುವಾಗ ಮೆಷಿನ್ನು ಜೋರಾಗಿ ಸುತ್ತತೊಡಗಿದರೆ “ಈಗ ಏರ್‌ಪೋರ್ಟಿನಲ್ಲಿದ್ದೀರಾ?” ಎಂದು ಕೇಳಿದವರೂ ಉಂಟು. ಹಿಂದೆಲ್ಲ ನಾನು ಮಾಡುತ್ತಿದ್ದುದು ಬೆಂಗಳೂರು ಟಿಕೆಟ್ಟು, ಊರಿನಿಂದ ಬಂದ ಅಪ್ಪ ಅಮ್ಮಂದಿರಿಗೆ ನಯಾಗರಾ ಪ್ರವಾಸ, ಅವರ ವೀಲ್‌ಚೇರು, ಅವರ ಸಕ್ಕರೆಯಿಲ್ಲದ ಊಟ. ಈಗ ಮಾಡುವುದು ಒಂದೇ ಕೆಲಸ. ಕೆರೊಲೈನಾಗಳಿಗೂ ಅಟ್ಲಾಂಟಾಕ್ಕೂ ಸ್ಟಾಕ್ ಕಾರ್ ರೇಸ್ ನೋಡಲು ಜನರನ್ನು ಬಸ್ಸಿನಲ್ಲಿ ಕರೆದೊಯ್ಯುವುದು. ಅದರಲ್ಲೂ ಒಂದು ಷರತ್ತು: ಬರುವವರು ಹಿಂದೆ ಎಂದೂ ರೇಸಿಗೆ ಹೋದವರಾಗಿರಬಾರದು.

ಸ್ಟಾಕ್ ಕಾರ್ ಎಂದರೆ ಹೊರಗಿನಿಂದ ನಮ್ಮ ನಿಮ್ಮ ಕಾರಿನ ಆಕಾರ, ಒಳಗೆ ಬೇರೆಯೇ ಪ್ರಾಣಿ. ಮೊಟ್ಟೆಯಾಕಾರದ ದೊಡ್ಡ ಟ್ರ್ಯಾಕು. ತಿರುವುಗಳಲ್ಲಿ ನೆಲ ಬಾಣಲೆಯ ಅಂಚಿನಂತೆ ಓರೆಯಾಗಿ ಏಳುತ್ತದೆ. ಮೂವತ್ತೇಳೋ ನಲವತ್ತೋ ಕಾರುಗಳು ಒಂದರ ಬಾಲಕ್ಕೆ ಒಂದು ಮೂಗು ಹಚ್ಚಿಕೊಂಡು ನೂರಾರು ಸುತ್ತು ಓಡುತ್ತವೆ, ಹೆಚ್ಚಾಗಿ ಎಡಕ್ಕೇ ತಿರುಗುತ್ತ. ನಾನು ಮೊದಲ ಸಲ ಇದನ್ನು ವಿವರಿಸಿದಾಗ ನನ್ನ ಗಂಡ ಪ್ರಕಾಶ ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, “ಕಾರುಗಳು ರೌಂಡ್ ಹೊಡೆಯೋದು ನೋಡೋಕೆ ನಾನೂರು ಮೈಲಿ ಹೋಗ್ಬೇಕಾ? ಊರು ಸುತ್ತೋ ನಮ್ಮ ಬೆಲ್ಟ್‌ವೇ ರಸ್ತೆ ಇದೆಯಲ್ಲ, ದಿನಾ ಫ್ರೀಯಾಗಿ ತೋರಿಸ್ತಾರೆ,” ಎಂದಿದ್ದ.

ಅವನ ಮೇಲೆ ನನಗೆ ಕೋಪ ಬರುವುದಿಲ್ಲ. ಎಂಜಿನ್ನಿನ ವಿಷಯದಲ್ಲಿ ಅವನು ನನ್ನ ಬಳಿ ಒಮ್ಮೆ ಸೋತವನು. ನನ್ನ ಅಪ್ಪನಿಗೆ ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಲಾರಿ ಗ್ಯಾರೇಜು ಇತ್ತು. ಶಾಲೆ ಬಿಟ್ಟೊಡನೆ ನಾನು ಅಲ್ಲಿಗೇ ಹೋಗಿ ಹಳೆಯ ಟಯರಿನ ಮೇಲೆ ಕುಳಿತು ಹೋಂವರ್ಕು ಮಾಡುತ್ತಿದ್ದೆ. ನನ್ನ ಗಣಿತದ ಪುಸ್ತಕದ ಅಂಚುಗಳಲ್ಲೆಲ್ಲ ಗ್ರೀಸಿನ ಹೆಬ್ಬೆರಳ ಗುರುತು. “ಇದು ಲೆಕ್ಕದ ಪುಸ್ತಕವೋ ಬೆರಳಚ್ಚಿನ ಪುಸ್ತಕವೋ?” ಎಂದು ಮೇಷ್ಟ್ರು ಅದನ್ನು ಇಡೀ ತರಗತಿಗೆ ಎತ್ತಿ ತೋರಿಸಿದ್ದರು. ಅಪ್ಪ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಒತ್ತಿ ಹಿಡಿದು, ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ಒತ್ತಿಕೊಂಡು, ಡಾಕ್ಟರು ಎದೆಬಡಿತ ಕೇಳಿದಂತೆ ಕೇಳುತ್ತಿದ್ದರು. ಆಮೇಲೆ ನನ್ನ ಕೈಗೆ ಕೊಟ್ಟು “ಎಲ್ಲಿಂದ ಬರ್ತಿದೆ ಹೇಳು” ಎನ್ನುತ್ತಿದ್ದರು. ಸರಿಯಾಗಿ ಹೇಳಿದರೆ ಎದುರಿನ ಬೇಕರಿಯಿಂದ ದಿಲ್‌ಪಸಂದಿನ ಕಾಲು ಭಾಗ. ಏಳನೇ ತರಗತಿಯ ಹೊತ್ತಿಗೆ ನಾನು ಎಷ್ಟು ದಿಲ್‌ಪಸಂದು ತಿಂದಿದ್ದೆನೆಂದರೆ ಅಮ್ಮ ನನ್ನ ಲಂಗಗಳನ್ನೆಲ್ಲ ಬಿಚ್ಚಿ ಹೊಲಿಯಬೇಕಾಯಿತು.

ಹೆಣ್ಣು ನೋಡಲು ಪ್ರಕಾಶನ ಮನೆಯವರು ಬಂದಾಗ ನನ್ನನ್ನು ಹಾಡಲು ಹೇಳಿದರು. ನನಗೆ ಹಾಡು ಬರುತ್ತಿರಲಿಲ್ಲ. ಅಮ್ಮ ಗಂಟಲು ಕೆಟ್ಟಿದೆ ಎಂದು ಸುಳ್ಳು ಹೇಳಿದರು. ಅವರ ಕಾರು ಶುರುವಾದಾಗ ಬಾಗಿಲಲ್ಲಿ ನಿಂತಿದ್ದ ನಾನು, ಯಾರೂ ನನ್ನನ್ನು ಕೇಳದಿದ್ದರೂ, “ಫ್ಯಾನ್ ಬೆಲ್ಟ್ ಲೂಸಾಗಿದೆ, ನೆಲಮಂಗಲ ದಾಟಲ್ಲ” ಎಂದುಬಿಟ್ಟೆ. ಗಂಟಲು ಕೆಟ್ಟಿಲ್ಲವೆಂದು ಎಲ್ಲರಿಗೂ ಗೊತ್ತಾಯಿತು. ಕಾರು ದಾಬಸ್‌ಪೇಟೆಯಲ್ಲೇ ನಿಂತಿತಂತೆ. “ಹಾಡೋ ಹುಡುಗೀರನ್ನ ಆರು ಜನರನ್ನ ನೋಡಿದ್ವಿ,” ಎಂದು ಪ್ರಕಾಶ ಮದುವೆಯಾದ ಮೇಲೆ ಹೇಳಿದ.

ಇಷ್ಟೆಲ್ಲ ಇದ್ದೂ ಐವತ್ತೆರಡು ವರ್ಷ ವಯಸ್ಸಾಗುವವರೆಗೆ ನಾನು ಒಂದು ರೇಸನ್ನೂ ನೋಡಿರಲಿಲ್ಲ. ನೋಡಬೇಕೆಂದು ಹೊಳೆದೂ ಇರಲಿಲ್ಲ. ಅದಕ್ಕೆ ಮಿಸ್ ಲೊರೆಟ್ಟಾ ಬರಬೇಕಾಯಿತು.

ಮಿಸ್ ಲೊರೆಟ್ಟಾ ನನ್ನ ಮಗಳು ಅನಘಾಳ ಸ್ಕೂಲ್ ಬಸ್ಸಿನ ಡ್ರೈವರು. ಆರು ವರ್ಷ ಬೆಳಿಗ್ಗೆ ಏಳು ಹತ್ತಕ್ಕೆ ನಮ್ಮ ಬೀದಿಯ ಮೂಲೆಯಲ್ಲಿ ಬಸ್ಸು ನಿಲ್ಲಿಸಿ, ಅವಳ ಶೂ ಲೇಸು ಕಟ್ಟಿದೆಯೇ ಎಂದು ನೋಡಿಯೇ ಬಾಗಿಲು ಮುಚ್ಚುತ್ತಿದ್ದರು. ಎತ್ತರದ ಕಪ್ಪು ಹೆಂಗಸು, ದಪ್ಪ ಕನ್ನಡಕ, ಯಾವ ಕಾಲದಲ್ಲೂ ಒಂದು ನೀಲಿ ಸ್ವೆಟರು. ನಿವೃತ್ತರಾದ ಮೇಲೂ ನಮ್ಮ ಸ್ನೇಹ ಉಳಿಯಿತು. ಅವರು ಮಾತಾಡುವುದು ಜಾರ್ಜಿಯಾದ ಎಳೆದೆಳೆದ ಇಂಗ್ಲಿಷಿನಲ್ಲಿ. ಆದರೆ ನೆನಪಿನಲ್ಲಿ ಅದು ನನಗೆ ಕನ್ನಡವಾಗಿಯೇ ಕೇಳುತ್ತದೆ, ಹಾಗಾಗಿ ಹಾಗೆಯೇ ಬರೆಯುತ್ತೇನೆ; ಅಕ್ಕರೆಯಿಂದ ಕರೆಯುವ ಅವರ ಇಂಗ್ಲಿಷ್ ‘ಹನಿ’ಯೊಂದನ್ನು ಮಾತ್ರ ಬದಲಿಸಿಲ್ಲ.

ಎರಡು ಸಾವಿರದ ಇಪ್ಪತ್ತರ ಬೇಸಿಗೆ. ವಿಮಾನಗಳು ನಿಂತಿದ್ದವು. ನನ್ನ ಎರಡೂ ಫೋನುಗಳು ರದ್ದು ಮಾಡಿ ಎನ್ನಲು ಮಾತ್ರ ರಿಂಗಾಗುತ್ತಿದ್ದವು. ಆಮೇಲೆ ಅದೂ ನಿಂತಿತು. ನಾನು ದಿನವೂ ಕ್ರಮವಾಗಿ ಒಂಬತ್ತಕ್ಕೆ ಬೇಸ್‌ಮೆಂಟಿಗೆ ಇಳಿದು, ನಕ್ಷೆಯ ಧೂಳು ಒರೆಸಿ, ಒಂದಕ್ಕೆ ಊಟಕ್ಕೆ ಮೇಲೆ ಹತ್ತುತ್ತಿದ್ದೆ. ಅಂಥ ಒಂದು ಮಧ್ಯಾಹ್ನ ಮಿಸ್ ಲೊರೆಟ್ಟಾ ಫೋನು ಮಾಡಿ, ಅಟ್ಲಾಂಟಾ ಹತ್ತಿರ ಅಕ್ಕ ಇದ್ದಾಳೆ, ರೈಲಿನಲ್ಲಿ ಹೋಗಬಹುದೇ ವಿಚಾರಿಸು ಎಂದರು. ನಾನು ಕಂಪ್ಯೂಟರು ನೋಡುತ್ತಿರುವಾಗ ಅವರ ಕಡೆಯಿಂದ ಒಂದು ಸದ್ದು ಬಂತು. ಏರುತ್ತ ಬಂದು, ತುದಿಯಲ್ಲಿ ಹರಿದು, ಇಳಿದುಹೋಗುವ ಸದ್ದು. ಮತ್ತೆ ಮತ್ತೆ.

“ಏನದು?” ಎಂದೆ.

“ರೇಸು. ಜನ ಇಲ್ಲದೆ ಓಡಿಸ್ತಿದ್ದಾರೆ. ರೇಡಿಯೋದಲ್ಲಿ ಬರ್ತಿದೆ. ಸಣ್ಣ ಮಾಡಲಾ?”

“ಬೇಡ, ಇರಲಿ.”

ನಾನು ಫೋನನ್ನು ಕಿವಿಗೆ ಒತ್ತಿಕೊಂಡೆ. ಎಷ್ಟೋ ವಾರಗಳ ಮೇಲೆ ಯಾವುದೋ ಒಂದು ವಸ್ತು ಎಲ್ಲಿಗೋ ಹೋಗುತ್ತಿರುವ ಸದ್ದು ಕೇಳಿದ್ದೆ. “ನೀವು ಹೋಗಿ ನೋಡಿದೀರಾ?” ಎಂದು ಕೇಳಿದೆ.

“ಅಟ್ಲಾಂಟಾದ ಟ್ರ್ಯಾಕ್ ನಮ್ಮ ಮನೆಯಿಂದ ಮೂರೇ ಮೈಲಿ,” ಎಂದರು. “ಅಪ್ಪ ಭಾನುವಾರ ರೇಡಿಯೋನ ಜಗಲಿಗೆ ತಂದಿಡ್ತಿದ್ದ. ನಾವು ಮಕ್ಕಳು ಮೆಟ್ಟಿಲ ಮೇಲೆ ಕೂತಿರ್ತಿದ್ವಿ. ಗಾಳಿ ಆ ಕಡೆಯಿಂದ ಇದ್ರೆ ಕಾರು ಎರಡು ಸಲ ಕೇಳೋದು. ಒಂದು ಸಲ ಆಕಾಶದಿಂದ, ಒಂದು ಸಲ ರೇಡಿಯೋದಿಂದ.”

“ಮತ್ತೆ ಹೋಗ್ಲಿಲ್ವಾ?”

ಅವರು ರೇಡಿಯೋ ಸಣ್ಣ ಮಾಡಿದರು. “ಅದು ನಮ್ಮಂಥ ಕಪ್ಪು ಜನ ಹೋಗೋ ಜಾಗ ಆಗಿರಲಿಲ್ಲ ಹನಿ. ಯಾರೂ ಬೋರ್ಡ್ ಹಾಕಿರಲಿಲ್ಲ. ಆದ್ರೆ ಎಲ್ಲರಿಗೂ ಗೊತ್ತಿತ್ತು. ಹೋದವರಿಗೆ ಏನೇನು ಅಂದ್ರು ಅಂತ ಕೇಳಿದ್ವಿ. ಆಮೇಲೆ ಕಾಲ ಬದಲಾಯ್ತು ಅಂದ್ರು, ನನಗೇ ಅಭ್ಯಾಸ ಆಗಿಹೋಗಿತ್ತು. ರೇಡಿಯೋ ಸಾಕು ಅನ್ಸಿತು.”

ಫೋನಿಟ್ಟ ಮೇಲೆ ನನಗೆ ಬೇರೆ ಕೆಲಸ ಹಿಡಿಯಲಿಲ್ಲ. ಜನರನ್ನು ಭೂಮಿಯ ಆ ಬದಿಗೆ ಕಳಿಸುವವಳು ನಾನು. ನನಗೆ ಗೊತ್ತಿರುವ ಒಬ್ಬ ಹೆಂಗಸು ಹುಟ್ಟಿದ ಮನೆಯಿಂದ ಮೂರು ಮೈಲಿ ದೂರದ ಜಾಗಕ್ಕೆ ಐವತ್ತು ವರ್ಷದಿಂದ ಹೋಗಲಾರದೆ ಇದ್ದರು. ಮರುದಿನ ನಾನೇ ಫೋನು ಮಾಡಿದೆ. “ಜನರನ್ನ ಒಳಗೆ ಬಿಡೋಕೆ ಶುರು ಮಾಡಿದ ತಕ್ಷಣ ನಿಮ್ಮನ್ನ ಕರ್ಕೊಂಡು ಹೋಗ್ತೀನಿ.”

“ಒಬ್ಬಳೇ ಬರಲ್ಲ,” ಎಂದರು ಅವರು. “ಒಳಗೆ ಹೋದ್ರೆ ಜನ ಕಟ್ಕೊಂಡು ಹೋಗ್ಬೇಕು.”

ಹೀಗೆ ಹುಟ್ಟಿತು ಮೊದಲ ಸಲದವರ ಬಸ್ಸು. ಅನಘಾ ವೆಬ್ ಪೇಜು ಮಾಡಿಕೊಟ್ಟಳು. “ಅಮ್ಮ, honestly, ಯಾರೂ ಬರಲ್ಲ. But okay,” ಎನ್ನುತ್ತಲೇ ಮಾಡಿದಳು. ಮರುವರ್ಷದ ಅಕ್ಟೋಬರ್ ಹೊತ್ತಿಗೆ ಇಪ್ಪತ್ತೆಂಟು ಜನ ಹೆಸರು ಕೊಟ್ಟರು. ಫಿಲಿಪೀನ್ಸಿನ ಇಬ್ಬರು ನರ್ಸುಗಳು, ಎಲ್ ಸಾಲ್ವಡಾರಿನ ತಾಯಿ ಮಗಳು, ಮಿಸ್ ಲೊರೆಟ್ಟಾರ ಚರ್ಚಿನ ಗೆಳತಿಯರು, ಹೀಗೆ ಎಲ್ಲರೂ ರೇಸನ್ನು ಟಿವಿಯಲ್ಲೋ ರೇಡಿಯೋದಲ್ಲೋ ಹಿಂಬಾಲಿಸಿದವರು, ಅಲ್ಲಿ ತಮಗೆ ಜಾಗವಿದೆಯೋ ಇಲ್ಲವೋ ಎಂದು ಹೊರಗೇ ಉಳಿದವರು. ಒಬ್ಬ ಮಾತ್ರ ಬೇರೆ ಥರ. ಮನಾಸಸ್‌ನ ವಾಲ್ಟರ್ ಎಂಬ ನಿವೃತ್ತ ಪ್ಲಂಬರು, ಬಿಳಿ ಗಡ್ಡ, ಬಸ್ಸು ಹತ್ತುವಾಗಲೇ ಸೀಟಿನ ಬಗ್ಗೆ ತಕರಾರು. ಟ್ರ್ಯಾಕಿನ ವಿಚಾರ ಅವನಿಗೆ ತೀರ ಚೆನ್ನಾಗಿ ಗೊತ್ತಿರುವಂತೆ ಕಂಡಿತು. ಫಾರಂನಲ್ಲಿ ‘ಮೊದಲ ಸಲ’ ಎಂದೇ ಗುರುತು ಹಾಕಿದ್ದ. ನಾನು ಅವನು ಕೇಳಿದ ಸೀಟನ್ನೇ ಕೊಟ್ಟೆ.

ಅಟ್ಲಾಂಟಾ ಇನ್ನೂ ದೂರವೆಂದು ಮೊದಲ ರೇಸಿಗೆ ನಾರ್ತ್ ಕೆರೊಲೈನಾದ ಷಾರ್ಲೆಟ್ ಆರಿಸಿದ್ದೆ; ಶನಿವಾರ ಹೊರಟು ಆ ಊರಿನ ದಕ್ಷಿಣದ ಬ್ಯಾಲಂಟೈನ್‌ನಲ್ಲಿ ರಾತ್ರಿ ತಂಗಿದೆವು. ಟ್ರ್ಯಾಕಿನ ಹತ್ತಿರದ ಹೋಟೆಲುಗಳೆಲ್ಲ ಭರ್ತಿಯಾಗಿದ್ದವು. ಅಲ್ಲಿಂದ ಟ್ರ್ಯಾಕು ಮೂವತ್ತೈದು ಮೈಲಿ. ಭಾನುವಾರ ಎರಡು ಗಂಟೆಗೆ ರೇಸು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ಹತ್ತಿ ಕುಳಿತರು. ಮಿಸ್ ಲೊರೆಟ್ಟಾ ಮುಂದಿನ ಸೀಟಿನಲ್ಲಿ, ಚರ್ಚಿಗೆ ಹೋಗುವಂತೆ ಟೋಪಿ ಧರಿಸಿ. ಬಾಡಿಗೆ ಬಸ್ಸಿನ ಡ್ರೈವರು ಎಂಜಿನ್ ಶುರು ಮಾಡಿದ. ಹಿಂದಿನಿಂದ ಒಂದು ಸೀಟಿಯಂಥ ಸಣ್ಣ ಸದ್ದು, ಅದರ ಕೆಳಗೆ ಮರಳು ಅರೆದಂಥ ಇನ್ನೊಂದು. ಹಿಂದಿನ ದಿನ ಗ್ರೀನ್ಸ್‌ಬರೋ ದಾಟಿದ ಮೇಲೆಯೇ ನಾನು ಅದನ್ನು ಕೇಳಿದ್ದೆ, ಹೇಳಿಯೂ ಇದ್ದೆ. “ಇಷ್ಟು ದೊಡ್ಡ ಬಸ್ಸು, ಸ್ವಲ್ಪ ಮಾತಾಡುತ್ತೆ ಮ್ಯಾಮ್,” ಎಂದು ಅವನು ನಕ್ಕಿದ್ದ. ಈಗ ಅದು ಮಾತಾಡುತ್ತಿರಲಿಲ್ಲ, ಕೂಗುತ್ತಿತ್ತು.

“ಆಫ್ ಮಾಡಿ,” ಎಂದೆ. “ಈ ಬಸ್ಸು ಹೈವೇಗೆ ಹೋಗಬಾರದು.”

ಬಸ್ಸಿನಲ್ಲಿ ಗುಜುಗುಜು ಶುರುವಾಯಿತು. ವಾಲ್ಟರ್ ಎದ್ದು ನಿಂತ. “ಇದು ಟೂರ್ ಕಂಪನಿಯೋ ಏನು? ನಿನಗೇನು ಗೊತ್ತು ಎಂಜಿನ್ ಬಗ್ಗೆ?”

ಹತ್ತಿಯ ಸೀರೆ, ಮೇಲೊಂದು ಜಾಕೆಟ್ಟು, ಕುತ್ತಿಗೆಯಲ್ಲಿ ಸೀಟಿಯೊಂದನ್ನು ತೂಗುಹಾಕಿಕೊಂಡಿದ್ದ ನನ್ನನ್ನು ನೋಡಿದ ಯಾರೇ ಆದರೂ ಅದೇ ಪ್ರಶ್ನೆ ಕೇಳುತ್ತಿದ್ದರು. ನಾನು ಕೆಳಗಿಳಿದೆ. ಡ್ರೈವರನ ಟೂಲ್ ಬಾಕ್ಸಿನಿಂದ ಉದ್ದನೆಯ ಸ್ಕ್ರೂಡ್ರೈವರು ಕೇಳಿ ತೆಗೆದುಕೊಂಡೆ. ಬಸ್ಸಿನ ಹಿಂಬದಿಯ ಎಂಜಿನ್ ಬಾಗಿಲು ತೆಗೆಸಿ, ಎಂಜಿನ್ ಮತ್ತೆ ಶುರು ಮಾಡಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೆಲ್ಟಿನಿಂದ ದೂರ ನಿಂತು, ತುದಿಯನ್ನು ವಾಟರ್ ಪಂಪಿಗೆ ಒತ್ತಿ ಹಿಡಿಯನ್ನು ಕಿವಿಗೆ ಹಚ್ಚಿದೆ. ಬೇರಿಂಗು ಹೋಗಿತ್ತು. ಸಂಶಯವೇ ಇರಲಿಲ್ಲ. ಡ್ರೈವರಿಗೆ ಸ್ಕ್ರೂಡ್ರೈವರು ಕೊಟ್ಟೆ. ಅವನೂ ಕೇಳಿದ. ಆಮೇಲೆ ಎಂಜಿನ್ ನಿಲ್ಲಿಸಿ ಟಾರ್ಚು ಬಿಟ್ಟು ನೋಡಿದ. ಪಂಪಿನ ಕೆಳಗಿನಿಂದ ಹಸಿರು ನೀರು ತೊಟ್ಟಿಕ್ಕುತ್ತಿತ್ತು, ಬೆಲ್ಟಿನ ಒಂದು ಅಂಚು ಎಳೆ ಎಳೆಯಾಗಿ ಬಿಚ್ಚಿತ್ತು.

“ಹತ್ತು ಮೈಲಿ ಹೋಗ್ತಿರಲಿಲ್ಲ,” ಎಂದ. ಆಮೇಲೆ ಟೋಪಿ ತೆಗೆದು, “ಸಾರಿ ಮ್ಯಾಮ್. ನಿನ್ನೆಯೇ ಕೇಳಬೇಕಿತ್ತು,” ಎಂದ.

ಹೆಮ್ಮೆಪಡಲು ಪುರಸೊತ್ತು ಇರಲಿಲ್ಲ. ಬಸ್ ಕಂಪನಿಯವರು ಬೇರೆ ಬಸ್ಸು ಮೂರು ಗಂಟೆಗೆ ಮುಂಚೆ ಬರುವುದಿಲ್ಲ ಎಂದರು. ಟ್ಯಾಕ್ಸಿಗಳು ಸಿಗಲಿಲ್ಲ. ನಾನು ಬಸ್ಸಿನೊಳಗೆ ಹೋಗಿ ವಿಷಯ ಹೇಳಿದೆ. ಯಾರೂ ಬೈಯಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. ಮಿಸ್ ಲೊರೆಟ್ಟಾ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. “ಪರವಾಗಿಲ್ಲ ಹನಿ,” ಎಂದರು. “ಹೋಟೆಲಿನಲ್ಲಿ ರೇಡಿಯೋ ಇರುತ್ತೆ.”

ಆ ಮಾತು ಕೇಳಿ ನಾನು ಕೆಳಗಿಳಿದು ನಸೀಮಾಗೆ ಫೋನು ಮಾಡಿದೆ.

ನಸೀಮಾ ಮೈಸೂರಿನವಳು, ಮಕ್ಕಳ ಹಲ್ಲಿನ ಡಾಕ್ಟರು. ಫೇರ್‌ಫ್ಯಾಕ್ಸ್‌ನಲ್ಲಿ ಎಂಟು ವರ್ಷ ನಮ್ಮ ಗೋಡೆಯಾಚೆ ಇದ್ದವಳು, ಆಮೇಲೆ ಬ್ಯಾಲಂಟೈನ್‌ಗೆ ಹೋದಳು. ಹಿಂದೆ ಮಕ್ಕಳ ಗದ್ದಲ, ತಟ್ಟೆಗಳ ಸದ್ದು ಕೇಳಿಸಿತು.

“ಹೇಳಿ ರತ್ನಕ್ಕ. ಇಲ್ಲಿ ಕನ್ನಡ ಸಂಘದ ದಸರಾ ಪಾಟ್‌ಲಕ್, ಎಲ್ಲರೂ ಒಂದೊಂದು ಅಡುಗೆ ತಂದು ಸೆಟಪ್ ಮಾಡ್ತಿದ್ದೀವಿ. ನಾನು ಡ್ರಾಯಿಂಗ್ ಕಾಂಪಿಟಿಶನ್ ಇನ್‌ಚಾರ್ಜ್.”

“ನಸೀಮಾ, ನನ್ನ ಹತ್ರ ಇಪ್ಪತ್ತೆಂಟು ಜನ ಇದ್ದಾರೆ. ಬಸ್ ಕೆಟ್ಟಿದೆ. ಎರಡು ಗಂಟೆಗೆ ಟ್ರ್ಯಾಕ್ ಹತ್ರ ಇರ್ಬೇಕು. ನಿನ್ನ ವ್ಯಾನ್ ಸಿಗುತ್ತಾ? ಎರಡು ಟ್ರಿಪ್ ಹೊಡೀತೀನಿ.”

“ಎರಡು ಟ್ರಿಪ್ ಟೈಮಿಗೆ ಆಗಲ್ಲ ಅಕ್ಕ, ರೇಸ್ ದಿನ ಟ್ರಾಫಿಕ್ ಜಾಮ್ ಆಗಿರುತ್ತೆ. ಒಂದು ನಿಮಿಷ ಇರಿ.” ಅವಳು ಫೋನು ಕೆಳಗಿಟ್ಟದ್ದು ಕೇಳಿಸಿತು. ಆಮೇಲೆ ಮೈಕಿನಲ್ಲಿ ಅವಳ ದನಿ: “ಮಿನಿವ್ಯಾನ್ ತಂದಿರೋರು ಯಾರ್ಯಾರಿದ್ದೀರಾ, ಸ್ವಲ್ಪ ಕೈ ಎತ್ತಿ.”

ಇಪ್ಪತ್ತು ನಿಮಿಷದಲ್ಲಿ ಹೋಟೆಲಿನ ಪಾರ್ಕಿಂಗ್ ಲಾಟಿಗೆ ಆರು ವ್ಯಾನುಗಳು ಸಾಲಾಗಿ ಬಂದವು. ಇಳಿದವರು ಹಬ್ಬದ ಉಡುಪಿನಲ್ಲಿದ್ದರು. ಧಾರವಾಡ ಕಡೆಯ ಒಬ್ಬ ಹೃದಯದ ಡಾಕ್ಟರು ಪೇಟ ಸುತ್ತಿದ್ದರು, ಏಕೆಂದರೆ ನಾಟಕವೊಂದರಲ್ಲಿ ಅವರದು ದಿವಾನರ ಪಾತ್ರ. ಚರ್ಚಿನ ಗೆಳತಿಯರು ಅವರ ವ್ಯಾನಿಗೇ ಮೊದಲು ಹತ್ತಿದರು. ಹಿಂದಿನ ಸೀಟುಗಳಿಂದ ಮಕ್ಕಳನ್ನು ಎತ್ತರಕ್ಕೆ ಕೂರಿಸುವ ಬೂಸ್ಟರ್ ಸೀಟುಗಳನ್ನು ಎಳೆದು ಹೋಟೆಲಿನ ಲಾಬಿಯಲ್ಲಿ ಗುಡ್ಡೆ ಹಾಕಿದರು.

ಮಿಸ್ ಲೊರೆಟ್ಟಾ, ವಾಲ್ಟರ್ ಮತ್ತು ನಾನು ಸಂಘದ ಹಿರಿಯರಾದ ಗಿರಿಜಾ ಆಂಟಿಯ ವ್ಯಾನಿನಲ್ಲಿ ಕುಳಿತೆವು. ಗಿರಿಜಾ ಆಂಟಿಗೆ ಎಪ್ಪತ್ತು. ಹಸಿರು ಮೈಸೂರು ರೇಷ್ಮೆ, ಸ್ಟಿಯರಿಂಗಿಗೆ ಎರಡೂ ಕೈ. ವ್ಯಾನಿನಲ್ಲಿ ಪಾಟ್‌ಲಕ್ಕಿಗೆ ತಂದ ಪುಳಿಯೋಗರೆಯ ದೊಡ್ಡ ಪಾತ್ರೆ ಇಳಿಸದೆ ಉಳಿದಿತ್ತು. ಆಕೆ ಅದನ್ನು ವಾಲ್ಟರನ ತೊಡೆಯ ಮೇಲಿಟ್ಟು, “ಹೋಲ್ಡ್ ಇಟ್ ಸ್ಟ್ರೈಟ್, ಪ್ಲೀಸ್,” ಎಂದರು. ಅವನು ಹಿಡಿದುಕೊಂಡ. ಗಿರಿಜಾ ಆಂಟಿ ವ್ಯಾನನ್ನು ಹೈವೇಗೆ ಏರಿಸಿದ ರೀತಿ ನೋಡಿ ಮಿಸ್ ಲೊರೆಟ್ಟಾ ಹಿಡಿಕೆ ಹುಡುಕಿದರು. “ಈಕೆ ಡ್ರೈವ್ ಮಾಡೋದನ್ನ ಎಲ್ಲಿ ಕಲಿತಳು?” ಎಂದು ನನ್ನ ಕಿವಿಯಲ್ಲಿ ಕೇಳಿದರು. ಮೂವತ್ತೊಂದು ವರ್ಷ ಬಸ್ಸು ಓಡಿಸಿದವರ ಮೆಚ್ಚುಗೆ ಅದು.

ಗಿರಿಜಾ ಆಂಟಿಗೆ ರೇಸಿನ ಕ್ರಮವನ್ನು ವಿವರಿಸಿದೆ. “ಎಡಕ್ಕೇ ತಿರುಗ್ತಾರಾ?” ಎಂದು ಯೋಚಿಸಿ, “ಹಾಗಾದ್ರೆ ಅಪ್ರದಕ್ಷಿಣೆ ಆಯ್ತಲ್ಲ. ಅದಕ್ಕೇ ಆಕ್ಸಿಡೆಂಟ್ ಆಗುತ್ತೆ,” ಎಂದು ತೀರ್ಮಾನ ಕೊಟ್ಟರು.

ಅರ್ಧ ದಾರಿಯಲ್ಲಿ ವಾಹನಗಳು ಆಮೆಯಂತೆ ತೆವಳತೊಡಗಿದಾಗ, ವಾಲ್ಟರ್ ಪಾತ್ರೆಯ ಮೇಲಿನಿಂದ ತಲೆ ಎತ್ತಿದ. “ಮುಂದಿನ ಎಕ್ಸಿಟ್ ತಗೊಳ್ಳಿ. ಹಿಂದಿನ ಗೇಟಿಗೆ ಒಂದು ರಸ್ತೆ ಇದೆ.” ಆಮೇಲೆ ನನ್ನ ಕಡೆ ನೋಡದೆ ಹೇಳಿದ: “ಇಪ್ಪತ್ತಾರು ವರ್ಷ ಹೆಂಡತಿ ಜೊತೆ ಬಂದಿದ್ದೀನಿ. ಅವಳು ಹೋದ ಮೇಲೆ ಇದೇ ಮೊದಲ ಸಲ. ಫಾರಂನಲ್ಲಿ ಬರೆದಿದ್ದು ಪೂರ್ತಿ ಸುಳ್ಳಲ್ಲ.” ಗಿರಿಜಾ ಆಂಟಿ ಕನ್ನಡಿಯಲ್ಲಿ ಅವನನ್ನು ನೋಡಿದರು. ವ್ಯಾನು ನಿಧಾನವಾಗಿದ್ದ ಹೊತ್ತಿನಲ್ಲಿ ಒಂದು ಪೇಪರ್ ತಟ್ಟೆ ಹಿಂದಕ್ಕೆ ಚಾಚಿ, ಪಾತ್ರೆ ತೆರೆದು ಬಡಿಸಿಕೊಳ್ಳಲು ಹೇಳಿದರು. ಅವನು ಎರಡು ಸಲ ಬಡಿಸಿಕೊಂಡ. ಕಡಲೆಕಾಯಿ ಬೀಜವನ್ನು ಮಾತ್ರ ಮೊದಲು ಆರಿಸಿ ತಿಂದ.

ವಾಲ್ಟರ್ ಹೇಳಿದ ರಸ್ತೆಯಲ್ಲಿ ಉಳಿದ ಐದು ವ್ಯಾನುಗಳೂ ನಮ್ಮ ಹಿಂದೆ ಬಂದವು. ಒಂದು ಮುಕ್ಕಾಲಿಗೆ ಗೇಟು ತಲುಪಿದೆವು. ನನ್ನ ಇಪ್ಪತ್ತೆಂಟು ಜನರನ್ನೂ ಎಣಿಸಿ ಸಾಲಿನಲ್ಲಿ ನಿಲ್ಲಿಸಿದೆ. ಮಿಸ್ ಲೊರೆಟ್ಟಾ ಕೊನೆಗೆ ನಿಂತು ನನ್ನ ಮೊಣಕೈ ಹಿಡಿದುಕೊಂಡಿದ್ದರು. ಗೇಟಿನವಳು ಟಿಕೆಟ್ಟಿಗೆ ಯಂತ್ರ ತೋರಿಸಿದಳು. ಅದು ಬೀಪ್ ಎಂದಿತು. “ವೆಲ್‌ಕಮ್ ಮ್ಯಾಮ್, ಎಂಜಾಯ್,” ಎಂದು ಹಿಂದಿನವರ ಟಿಕೆಟ್ಟಿಗೆ ಕೈ ಚಾಚಿದಳು.

ಮಿಸ್ ಲೊರೆಟ್ಟಾ ಒಳಗೆ ಎರಡು ಹೆಜ್ಜೆ ಇಟ್ಟು ನಿಂತುಬಿಟ್ಟರು. ಇನ್ನೇನಾದರೂ ಆಗಬೇಕಿತ್ತು ಎಂಬಂತೆ ತಿರುಗಿ ಗೇಟನ್ನು ನೋಡಿದರು.

“ಅಷ್ಟೇನಾ?” ಎಂದರು.

“ಅಷ್ಟೇ,” ಎಂದೆ.

ಅವರು ಕನ್ನಡಕ ತೆಗೆದು ಸ್ವೆಟರಿನ ತುದಿಯಿಂದ ಒರೆಸಿಕೊಂಡರು. ಆಮೇಲೆ ನನ್ನ ಮೊಣಕೈ ಬಿಟ್ಟು, ಮೆಟ್ಟಿಲುಗಳನ್ನು ನನಗಿಂತ ಮೊದಲು ಹತ್ತಿದರು.

ನಾವು ಕುಳಿತ ಹತ್ತೇ ನಿಮಿಷಕ್ಕೆ ರೇಸು ಶುರುವೆಂದು ಹಸಿರು ಬಾವುಟ ಬೀಸಿದರು. ನನಗೆ ಎಂಜಿನ್ ಗೊತ್ತೆಂದು ನಾನು ತಿಳಿದಿದ್ದೆ. ನನಗೆ ಗೊತ್ತಿದ್ದುದು ಒಂದೊಂದು ಎಂಜಿನ್. ನಲವತ್ತು ಒಟ್ಟಿಗೆ ಎದುರಿಗೆ ಬಂದಾಗ ಸದ್ದು ಕಿವಿಗೆ ಬರುವ ಮೊದಲು ಬೆಂಚಿಗೆ ಬಂತು, ಬೆಂಚಿನಿಂದ ಬೆನ್ನಿಗೆ, ಬೆನ್ನಿನಿಂದ ಹಲ್ಲಿಗೆ. ವಾಲ್ಟರ್ ಚೀಲದಿಂದ ಒಂದು ಹೆಡ್‌ಸೆಟ್ಟು ತೆಗೆದು ಮಿಸ್ ಲೊರೆಟ್ಟಾಗೆ ಚಾಚಿದ. ಅದರಲ್ಲಿ ರೇಡಿಯೋ ವಿವರಣೆ ಬರುತ್ತದೆ. ಅದು ಅವನ ಹೆಂಡತಿಯದಂತೆ. ಅವರು ಅವನ ಕೈಯನ್ನು ಎರಡೂ ಕೈಗಳಿಂದ ಹಿಡಿದು, ಅವನ ಕಿವಿಯ ಹತ್ತಿರ ಬಾಗಿ ಕೂಗಿ ಹೇಳಿದರು. “ಥ್ಯಾಂಕ್ಯೂ. ಆದ್ರೆ ರೇಡಿಯೋ ಐವತ್ತು ವರ್ಷ ಕೇಳಿದ್ದೀನಿ. ಇವತ್ತು ಬೇಡ.”

ಆಮೇಲೆ ಎದ್ದು ನಿಂತರು. ಎಪ್ಪತ್ತೊಂದು ವರ್ಷದ ಹೆಂಗಸು, ಮೂರೂವರೆ ಗಂಟೆ ನಿಂತೇ ಇದ್ದರು. ನಡುವೆ ಒಮ್ಮೆ ನನ್ನ ಕಡೆ ತಿರುಗಿ, “ಇದು ಮೈಯೊಳಗೆ ಬರುತ್ತೆ ಅಂತ ರೇಡಿಯೋದವರು ಹೇಳಿರಲೇ ಇಲ್ಲ,” ಎಂದರು.

ಅಲ್ಲಿಂದೀಚೆಗೆ ನನ್ನ ಬಸ್ಸು ನಿಂತಿಲ್ಲ. ಷಾರ್ಲೆಟ್, ಸೌತ್ ಕೆರೊಲೈನಾದ ಡಾರ್ಲಿಂಗ್‌ಟನ್, ಅಟ್ಲಾಂಟಾ. ಮೊದಲ ಸಲದವರು ಪ್ರತಿ ಸಲವೂ ಸಿಗುತ್ತಾರೆ, ಹೊರಗೆ ನಿಂತು ಕೇಳಿಸಿಕೊಂಡವರು ನಾನು ಎಣಿಸಿದ್ದಕ್ಕಿಂತ ಹೆಚ್ಚಿದ್ದಾರೆ. ಗಿರಿಜಾ ಆಂಟಿ ಮರುವರ್ಷವೇ ಟಿಕೆಟ್ಟು ಕೊಂಡು ಬಂದು, ಅಪ್ರದಕ್ಷಿಣೆಯನ್ನು ಪೂರ್ತಿ ನೋಡಿದರು. ಪ್ರಕಾಶನೂ ಬಂದ. ಆ ಸದ್ದಿನಲ್ಲಿ ನಿದ್ದೆ ಮಾಡಿದ ಏಕೈಕ ಮನುಷ್ಯನೆಂದು ಅವನ ಫೋಟೋ ನಮ್ಮ ವೆಬ್ ಪೇಜಿನಲ್ಲಿದೆ. ಆದರೆ ಯಾರಾದರೂ ಫೋನು ಮಾಡಿ ಸೀಟು ಇಲ್ಲವೆಂದು ತಿಳಿದು ನಿರಾಶರಾದರೆ, ಅವನೇ “ನನ್ನ ಹೆಂಡತಿ ಏನಾದ್ರೂ ಮಾಡ್ತಾಳೆ, ಹೋಲ್ಡ್ ಮಾಡಿ,” ಎನ್ನುವುದನ್ನು ಮೆಟ್ಟಿಲ ಮೇಲಿನಿಂದ ಕೇಳಿಸಿಕೊಂಡಿದ್ದೇನೆ. ಮಿಸ್ ಲೊರೆಟ್ಟಾ ಈಗ ನನ್ನ ಪಾಲುದಾರರು. ಬಸ್ಸಿನ ಬಾಗಿಲಲ್ಲಿ ಪಟ್ಟಿ ಹಿಡಿದು ನಿಲ್ಲುವವರು ಅವರೇ. ಬಿಚ್ಚಿದ ಶೂ ಲೇಸಿನವರನ್ನು ಇಂದಿಗೂ ಹತ್ತಿಸಿಕೊಳ್ಳುವುದಿಲ್ಲ.

ಅವರಿಗೆ ಒಂದು ಕೊರಗು ಇತ್ತು. ಅಕ್ಕ ಬರ್ನಿಸ್. ಟ್ರ್ಯಾಕಿನಿಂದ ಮೂರು ಮೈಲಿಯ ಅದೇ ಮನೆಯಲ್ಲಿ ಒಬ್ಬರೇ ಇದ್ದರು. ಎಷ್ಟು ಕರೆದರೂ ಬರುತ್ತಿರಲಿಲ್ಲ. “ಅವಳಿಗೆ ನೆನಪಿರೋದು ನನಗಿಂತ ಜಾಸ್ತಿ,” ಎನ್ನುತ್ತಿದ್ದರು ಮಿಸ್ ಲೊರೆಟ್ಟಾ, ಹೆಚ್ಚು ಹೇಳುತ್ತಿರಲಿಲ್ಲ. ಎರಡು ವರ್ಷ ನಮ್ಮ ಬಸ್ಸು ಅಟ್ಲಾಂಟಾಕ್ಕೆ ಹೋದಾಗಲೂ ಅವರು ರೇಸಿನ ಮರುದಿನ ತಂಗಿಯನ್ನು ಊಟಕ್ಕೆ ಕರೆದರೇ ಹೊರತು ಗೇಟಿನತ್ತ ಬರಲಿಲ್ಲ. ಮೂರನೆಯ ವರ್ಷ, ಫೆಬ್ರವರಿ ಕೊನೆಯ ಚಳಿಯ ಭಾನುವಾರ, ಮಿಸ್ ಲೊರೆಟ್ಟಾ ಕರೆಯಲಿಲ್ಲ. ಬಸ್ಸನ್ನು ನೇರ ಮನೆಯ ಮುಂದೆ ನಿಲ್ಲಿಸಲು ಹೇಳಿ, ಹೋಗಿ ಬಾಗಿಲು ತಟ್ಟಿದರು. ಏನು ಮಾತಾಡಿಕೊಂಡರೋ ನಮಗೆ ಕೇಳಲಿಲ್ಲ. ಹದಿನೈದು ನಿಮಿಷವಾಯಿತು. ಬಸ್ಸಿನ ಮೂವತ್ತು ಜನ ಒಬ್ಬರೂ ಗೊಣಗಲಿಲ್ಲ. ಕೊನೆಗೆ ಕೋಟು ತೊಟ್ಟ, ಊರುಗೋಲಿನ ಸಣ್ಣ ಮುದುಕಿಯೊಬ್ಬರು ತಂಗಿಯ ತೋಳು ಹಿಡಿಯದೆ, ತಾವೇ ಮೆಟ್ಟಿಲಿಳಿದು ಬಂದರು. ಬಸ್ಸು ಹತ್ತಿ ನನ್ನ ಪಕ್ಕದಲ್ಲಿ ಕುಳಿತರು. ಕೋಟಿನ ಗುಂಡಿಗಳನ್ನು ಒಂದೊಂದಾಗಿ ಕತ್ತಿನವರೆಗೆ ಹಾಕಿಕೊಂಡರು.

ಪ್ರೇಕ್ಷಕರ ಸ್ಟ್ಯಾಂಡಿನಲ್ಲಿಯೂ ನಾವು ಅಕ್ಕಪಕ್ಕ. ಕೆಳಗಿನ ಸಾಲಿನಲ್ಲಿ ಮಿಸ್ ಲೊರೆಟ್ಟಾ ಹೊಸಬರಿಗೆ ಯಾವ ಕಾರು ಯಾರದು ಎಂದು ತೋರಿಸುತ್ತ, ಬೆರಳೆತ್ತಿ ಏನನ್ನೋ ಜೋರಾಗಿ ವಿವರಿಸುತ್ತಿದ್ದರು. ಸುತ್ತಲಿನ ಅಪರಿಚಿತರೂ ಕಿವಿಗೊಟ್ಟು ಕೇಳುತ್ತಿದ್ದರು. ಕಾರುಗಳು ಇನ್ನೂ ಸಾಲಾಗಿ ನಿಂತಿದ್ದವು. ಬರ್ನಿಸ್ ತಂಗಿಯನ್ನು ಬಹಳ ಹೊತ್ತು ನೋಡುತ್ತ ಕುಳಿತಿದ್ದರು. ಆಮೇಲೆ ನನ್ನ ಕಡೆ ತಿರುಗಿದರು.

“ನೀನು ಈ ದೇಶದವಳಲ್ಲ. ಕಾರುಗಳ ಹುಚ್ಚೂ ನಿನಗಿದ್ದ ಹಾಗೆ ಕಾಣಲ್ಲ,” ಎಂದರು. “ನಿನ್ನನ್ನ ಮೊದಲ ಸಲ ಇಲ್ಲಿಗೆಲ್ಲ ಕರ್ಕೊಂಡು ಬಂದವರು ಯಾರು?”

ಎಲ್ಲರೂ ಕೇಳುವುದು ಇದಕ್ಕೆ ತಿರುಗುಮುರುಗಿನ ಪ್ರಶ್ನೆ: ಮಿಸ್ ಲೊರೆಟ್ಟಾರನ್ನು ಕರೆತಂದವರು ಯಾರು? ಅವರನ್ನು ಕರೆತಂದವಳು ನಾನೇ ಎಂದು ನಾನೂ ಎಷ್ಟೋ ಕಡೆ ಹೇಳಿಕೊಂಡಿದ್ದೆ, ವೆಬ್ ಪೇಜಿನಲ್ಲೂ ಹಾಗೆಯೇ ಇತ್ತು. ನಿಜ ಬೇರೆಯಿತ್ತು.

“ನಿಮ್ಮ ತಂಗಿ,” ಎಂದೆ.

ಬರ್ನಿಸ್ ತಲೆಯಾಡಿಸಿದರು. ಊರುಗೋಲನ್ನು ಕಾಲುಗಳ ನಡುವೆ ನೆಟ್ಟಗೆ ನಿಲ್ಲಿಸಿ, ಅದರ ಮೇಲೆ ಎರಡೂ ಕೈಯಿಟ್ಟು, ಬೆನ್ನು ನೇರ ಮಾಡಿ ಕುಳಿತರು.

“ಅವಳು ಹಾಗೇ, ಯಾವಾಗಲೂ ಜನ ಕಟ್ಕೊಂಡೇ ಹೊರಡೋದು,” ಎಂದರು.